ಕೊರವದ ಮರಿಗಳು ಪೆಲ್ಲೆಟ್ ತಿನ್ನಲು ಕಲಿತದ್ದು

ಬೇಟೆಯಾಡಿ ಬದುಕುವ ಮೀನಿನ ಮರಿಗೆ ಪೆಲ್ಲೆಟ್ ಎಂಬ ಅಂಗಡಿಯ ಒಣ ಆಹಾರದ ಗುಳಿಗೆ ಊಟವೆಂದು ತೋರುವುದೇ ಇಲ್ಲ. ಮೂಗಿನ ಮುಂದೆ ಬಿದ್ದರೂ ಅದಕ್ಕೆ ಅದು ಕಲ್ಲು ಅಥವಾ ಕಸ. ಅಲುಗಾಡಿದ್ದು ಮಾತ್ರ ಆಹಾರ. ಓದಿ ತಿಳಿದಿದ್ದ ಈ ಸಂಗತಿಯನ್ನು ಕಣ್ಣಾರೆ ಕಂಡದ್ದು, ತೀರ್ಥಹಳ್ಳಿ ಕಡೆಯ ತೋಟದಿಂದ ಭಾವ ನಾಲ್ಕು ಕೊರವದ ಮರಿಗಳನ್ನು ಕ್ಯಾನಿನಲ್ಲಿ ತುಂಬಿಕೊಂಡು ಶಿವಮೊಗ್ಗದ ನಮ್ಮ ಮನೆಗೆ ಬಂದ ಮೇಲೆ.

ಮಳೆ ಹಿಂದೆ ಸರಿದು ಅಡಿಕೆ ತೋಟದ ಬಸಿಗಾಲುವೆ ಬತ್ತುತ್ತಿತ್ತು. ಹೂಳೆತ್ತುವವರ ಹಾರೆಯ ಬಳಿ, ಅಂಗೈಯಗಲದ ನೀರಿನಲ್ಲಿ ಇವು ಒದ್ದಾಡುತ್ತಿದ್ದವಂತೆ. “ನಿನ್ನ ಗಾಜಿನ ತೊಟ್ಟಿ ಖಾಲಿಯೇ ಇದೆಯಲ್ಲ, ಸಾಕಿ ನೋಡು” ಎಂದು ಭಾವ ಕ್ಯಾನು ಇಳಿಸಿದರು. ಕೊರವದ ಚಿಕ್ಕ ಜಾತಿಗಳಲ್ಲೊಂದು ಇದು, ಚನ್ನಾ ಗಚುವಾ. ಗೇಣುದ್ದ ಮೀರಿ ಬೆಳೆಯುವುದು ಅಪರೂಪ. ದೊಡ್ಡದಾದರೆ ರೆಕ್ಕೆಗಳಿಗೆ ನೀಲಿ ಛಾಯೆ, ಅಂಚಿಗೆ ಕಿತ್ತಳೆ ಗೆರೆ. ಗಂಡು ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ಮರಿ ಮಾಡುತ್ತದೆ. ನಮ್ಮ ಹಳ್ಳಗಳಲ್ಲೇ ಇಷ್ಟು ಚೆಲುವಾದ ಮೀನಿರುವಾಗ ಜನ ಅಮೆಜಾನಿನ ಅರೋವಾನಾಕ್ಕೆ ಸಾವಿರಾರು ರೂಪಾಯಿ ಕೊಡುವುದನ್ನು ಕಂಡರೆ ನನಗೆ ಬೇಸರವಾಗುತ್ತದೆ. ಇವು ನೀರಿನ ಮೇಲಿನ ಗಾಳಿಯನ್ನೂ ಉಸಿರಾಡುತ್ತವೆ, ಚೆನ್ನಾಗಿ ಹಾರುತ್ತವೆ. ಹಾಗಾಗಿ ನೀರಿನ ಮೇಲೆ ನಾಲ್ಕು ಬೆರಳು ಜಾಗ ಬಿಟ್ಟು, ಮುಚ್ಚಳಕ್ಕೆ ಭಾರ ಹೇರಿದೆ.

ಸಲಹೆಗಳಿಗೆ ಬರವಿರಲಿಲ್ಲ. ಅಕ್ವೇರಿಯಂ ಅಂಗಡಿಯಲ್ಲಿ, ಜೀವಂತ ಗಪ್ಪಿ ಅಥವಾ ಗೋಲ್ಡ್‌ಫಿಶ್ ಮರಿ ಹಾಕಿ ಎಂದರು. ಅದು ನನಗೆ ಒಪ್ಪಿಗೆಯಾಗಲಿಲ್ಲ. ಮೇವಿಗೆಂದು ಒಂದೇ ತೊಟ್ಟಿಯಲ್ಲಿ ಒತ್ತೊತ್ತಾಗಿ ತುಂಬಿಟ್ಟ ಅಗ್ಗದ ಮೀನುಗಳ ಜೊತೆಗೆ ಬಿಳಿಚುಕ್ಕೆ ರೋಗ, ಮೈಗೆ ಕಚ್ಚುವ ಪರೋಪಜೀವಿಗಳೂ ಮನೆಗೆ ಬರುತ್ತವೆ. ಸಾಲದ್ದಕ್ಕೆ ಗೋಲ್ಡ್‌ಫಿಶ್‌ನ ದೇಹದಲ್ಲಿ ಥಯಾಮಿನೇಸ್ ಎಂಬ ಕಿಣ್ವವಿದೆ. ಅದನ್ನೇ ದಿನವೂ ತಿಂದ ಮೀನಿನಲ್ಲಿ ಬಿ1 ಜೀವಸತ್ವ ಕರಗಿಹೋಗುತ್ತದೆ. ಇನ್ನು ಕೆಲವರು, ಹಸಿವಾದರೆ ತಾನೇ ತಿನ್ನುತ್ತದೆ, ಉಪವಾಸ ಕೆಡವಿ ಎಂದರು. ಬೆಳೆದ ಮೀನಿಗೆ ಕೆಲವು ದಿನದ ಉಪವಾಸ ಲೆಕ್ಕಕ್ಕಿಲ್ಲ. ಕಿರುಬೆರಳಿಗಿಂತ ಚಿಕ್ಕ ಮರಿಗೆ ಮೈಯಲ್ಲಿ ಕೂಡಿಟ್ಟ ಕೊಬ್ಬೆಷ್ಟು? ಹೊಟ್ಟೆ ಒಳಸೇರಿ, ಬೆನ್ನು ಚೂಪಾಗಿ, ತಲೆ ಮಾತ್ರ ದೊಡ್ಡದಾಗಿ ಕಂಡರೆ ಆ ಮರಿ ಆಗಲೇ ಕೈಜಾರುತ್ತಿದೆ ಎಂದೇ ಅರ್ಥ. ಹಸಿವನ್ನು ಬಳಸಿಕೊಳ್ಳಬೇಕು ನಿಜ, ಬೆಳಗಿನ ಊಟ ತಪ್ಪಿಸಿ ಸಂಜೆ ಕೊಡುವಷ್ಟು ಮಾತ್ರ.

ದಾರಿ ತೋರಿದವರು ಮೀನುಮರಿ ಸಾಕಣೆಯಲ್ಲೇ ದುಡಿದು ನಿವೃತ್ತರಾದ ನಮ್ಮ ಬೀದಿಯ ಹಿರಿಯರು. ತೊಟ್ಟಿಯ ಮುಂದೆ ಕುರ್ಚಿ ಹಾಕಿಸಿಕೊಂಡು ಬಹಳ ಹೊತ್ತು ಸುಮ್ಮನೆ ನೋಡಿದರು.

“ಕಾಟ್ಲಾ, ರೋಹು ಆಗಿದ್ದರೆ ತೌಡು, ಕಡಲೆಹಿಂಡಿ ಎರಚಿದರೆ ಮುತ್ತಿಕೊಳ್ಳುತ್ತಿದ್ದವು. ಇವು ಹಾಗಲ್ಲಮ್ಮ. ಅಲುಗಾಟ, ವಾಸನೆ, ಮೆದು, ಈ ಮೂರನ್ನೂ ನೋಡಿ ಬಾಯಿ ಹಾಕುತ್ತವೆ. ಒಂದೊಂದನ್ನೇ ಬದಲಾಯಿಸುತ್ತ ಹೋಗು. ಮೂರನ್ನೂ ಒಟ್ಟಿಗೆ ಕಿತ್ತುಕೊಂಡರೆ ಬಾಯಿ ಬಿಗಿದು ಕೂರುತ್ತವೆ.”

ಮುಂದೆ ನಾನು ಮಾಡಿದ್ದೆಲ್ಲ ಈ ಮಾತನ್ನು ಹಿಡಿದೇ.

ಮೊದಲು ಎರೆಹುಳು. ಅದಕ್ಕೂ ಅಡಿಕೆ ತೋಟದ ಮಣ್ಣನ್ನು ನಾನು ಮುಟ್ಟಲಿಲ್ಲ. ಕೊಳೆರೋಗಕ್ಕೆ ಮಳೆಗಾಲವಿಡೀ ಬೋರ್ಡೋ ದ್ರಾವಣ ಹೊಡೆದ ನೆಲ ಅದು. ಆ ದ್ರಾವಣದಲ್ಲಿರುವ ಮೈಲುತುತ್ತಿನ ತಾಮ್ರ ಮೀನಿಗೆ ವಿಷ. ಹಿತ್ತಲಿನ ಬಾಳೆಬುಡದಲ್ಲಿ ಅಗೆದು ತೆಗೆದ ಹುಳುಗಳನ್ನು ತೊಳೆದು, ಒದ್ದೆ ಬಟ್ಟೆಯಲ್ಲಿ ರಾತ್ರಿ ಇಟ್ಟು ಹೊಟ್ಟೆಯ ಮಣ್ಣು ಕಳೆಯಲು ಬಿಟ್ಟು, ಸಣ್ಣಗೆ ಕತ್ತರಿಸಿದೆ. ಎರೆಗೊಬ್ಬರದ ತೊಟ್ಟಿಯ ಕೆಂಪು ಹುಳುವನ್ನೂ ಕೊಟ್ಟು ನೋಡಿದೆ. ಅದು ಬಿಡುವ ಹಳದಿ ದ್ರವದ ನಾತಕ್ಕೋ ಏನೋ, ಬಾಯಿಗೆ ಹಾಕಿಕೊಂಡಷ್ಟೇ ವೇಗದಲ್ಲಿ ಉಗುಳಿದವು.

ಕತ್ತರಿಸಿದ ತುಂಡು ಅಲುಗುವುದಿಲ್ಲವಲ್ಲ, ಅಲುಗಾಟವನ್ನು ನಾನೇ ಕೊಡಬೇಕು. ಕಡ್ಡಿಪೊರಕೆಯ ತೆಳ್ಳನೆಯ ಕಡ್ಡಿಯ ತುದಿಗೆ ತುಂಡನ್ನು ಸಡಿಲವಾಗಿ ಸಿಕ್ಕಿಸಿ ನೀರಿಗಿಳಿಸಿ, ಬೆರಳ ತುದಿಯಲ್ಲಿ ಮೆಲ್ಲನೆ ನಡುಗಿಸಿದೆ. ದೊಡ್ಡ ಮರಿ ಎರಡೂ ಕಣ್ಣುಗಳನ್ನು ಅತ್ತಲೇ ಹೊರಳಿಸಿತು. ಪಕ್ಕದ ರೆಕ್ಕೆಗಳು ಒಂದಾದ ಮೇಲೊಂದರಂತೆ ಹುಟ್ಟು ಹಾಕುತ್ತ ಮೈಯನ್ನು ಗೆರೆಯಷ್ಟೇ ಮುಂದೆ ತಳ್ಳಿದವು. ಆಮೇಲೆ ಬಾಲ ಒಂದು ಬದಿಗೆ ಬಾಗಿತು, ಮೈ ಬಿಲ್ಲಾಯಿತು. ಗಬಕ್ಕನೆ ಎಳೆದ ಸದ್ದು ಗಾಜಿನಾಚೆಗೂ ಕೇಳಿಸಿತು. ಅದನ್ನು ಕಂಡು ಉಳಿದವುಗಳಲ್ಲಿ ಎರಡು ಕಡ್ಡಿಯ ಕೆಳಗೆ ಬಂದು ನಿಂತವು. ಒಂದು ತಿಂದರೆ ಇನ್ನೊಂದಕ್ಕೆ ಧೈರ್ಯ ಬರುತ್ತದೆ. ಹಾಗಾಗಿ ಇಂಥ ಮರಿಗಳನ್ನು ಒಂಟಿಯಾಗಿ ಪಳಗಿಸುವುದಕ್ಕಿಂತ ಸಮಗಾತ್ರದವನ್ನು ಜೊತೆಯಲ್ಲಿಟ್ಟು ಪಳಗಿಸುವುದು ಸುಲಭ. ಗಾತ್ರ ಮಾತ್ರ ಸಮವಿರಬೇಕು. ಇಲ್ಲದಿದ್ದರೆ ದೊಡ್ಡದಕ್ಕೆ ಚಿಕ್ಕದೇ ಊಟ.

ಹುಳುವಿನಿಂದ ಸೀಗಡಿಗೆ ದಾಟುವುದು ಕಷ್ಟವಾಗಲಿಲ್ಲ. ಕರಾವಳಿಯಿಂದ ಘಾಟಿ ಹತ್ತಿ ನಮ್ಮ ಮಾರುಕಟ್ಟೆಗೆ ಬರುವ ಹಸಿ ಸೀಗಡಿಯ ಸಿಪ್ಪೆ ಸುಲಿದು ಎಳೆಎಳೆಯಾಗಿ ಸೀಳಿದರೆ ಹುಳುವಿನ ಆಕಾರವೇ ಬರುತ್ತದೆ.

ಪೆಲ್ಲೆಟ್‌ನ ಸರದಿ ಬಂದಾಗ ಅತ್ತೆಯವರ ಹಳೆಯ ಕುಟ್ಟಾಣಿ ಕೆಲಸಕ್ಕೆ ಬಂತು. ಪೆಲ್ಲೆಟ್ ಕುಟ್ಟಿ ಪುಡಿ ಮಾಡಿ, ಅರೆದ ಸೀಗಡಿಗೆ ಮೊದಲು ಚಿಟಿಕೆಯಷ್ಟು ಬೆರೆಸಿದೆ. ತುಸು ಮೊಟ್ಟೆಯ ಬಿಳಿ ಸೇರಿಸಿ ಹಬೆಯಲ್ಲಿ ಬೇಯಿಸಿದರೆ ನೀರಿನಲ್ಲಿ ಬಿಡಿಸಿಹೋಗದಷ್ಟು ಗಟ್ಟಿಯಾಗುತ್ತದೆ. ಮರಿಗಳು ಒಂದು ಪಾಕಕ್ಕೆ ಒಗ್ಗಿದವೆಂದು ಖಾತ್ರಿಯಾದ ಮೇಲೆ ಪುಡಿಯ ಪಾಲು ಏರಿಸಿ ಸೀಗಡಿಯ ಪಾಲು ಇಳಿಸುವುದು. ಉಗುಳಿದರೆ ಒಂದು ಮೆಟ್ಟಿಲು ಹಿಂದೆ.

ಇದು ಗಾಜಿನ ತೊಟ್ಟಿಯವರ ಹವ್ಯಾಸದ ಮಾತಷ್ಟೇ ಅಲ್ಲ. ಮೆಕಾಂಗ್ ನದಿಯ ದೇಶಗಳಲ್ಲಿ ಕೊರವದ ದೊಡ್ಡ ಜಾತಿಗಳನ್ನು ಊಟಕ್ಕಾಗಿ ಸಾಕುತ್ತಾರೆ. ಅವುಗಳ ಹೊಟ್ಟೆಗೆಂದು ನದಿಯ ಸಣ್ಣ ಮೀನುಗಳನ್ನು ಬಳಿದು ತರುತ್ತಿದ್ದುದರಿಂದ ಕಾಂಬೋಡಿಯಾ 2004ರಲ್ಲಿ ಕೊರವ ಸಾಕಣೆಯನ್ನೇ ನಿಷೇಧಿಸಿತ್ತು. ಅದು ತೆರವಾದದ್ದು 2016ರಲ್ಲಿ. ಅಲ್ಲಿಯೂ ಮರಿಗಳಿಗೆ ಚಿಕ್ಕಂದಿನಲ್ಲೇ ಮೀನಿನ ಅರೆತಕ್ಕೆ ಹತ್ತರಲ್ಲೊಂದು ಪಾಲಿನಂತೆ ಪೆಲ್ಲೆಟ್ ಹಿಟ್ಟನ್ನು ಏರಿಸುತ್ತ ಹೋಗುವುದೇ ಕ್ರಮ. ನನ್ನ ಕುಟ್ಟಾಣಿಯ ಕೆಲಸವೂ ಅದೇ ಎಂದು ತಿಳಿದಾಗ ಹುರುಪು ಬಂತು.

ಮೂರು ಮರಿಗಳು ಹೀಗೆ ದಾರಿಗೆ ಬಂದವು. ನಾಲ್ಕನೆಯದು, ಎಲ್ಲಕ್ಕಿಂತ ಚಿಕ್ಕದು, ಹುಳು ಬಿಟ್ಟು ಬೇರೇನನ್ನೂ ಮೂಸಲಿಲ್ಲ. ಉಳಿದವು ಕಡ್ಡಿಯತ್ತ ನುಗ್ಗಿದಾಗ ಇದು ಮೂಲೆಯ ಕಲ್ಲಿನ ಸಂದಿಗೆ ಸರಿಯುತ್ತಿತ್ತು. ಅಷ್ಟರಲ್ಲಿ ಚಳಿ ಬಿತ್ತು. ನೀರು ತಣ್ಣಗಾದಷ್ಟೂ ಮೀನಿನ ಹಸಿವು ಕುಗ್ಗುತ್ತದೆ. ಇದರ ಬೆನ್ನು ಸಣ್ಣಗಾಗುವುದನ್ನು ಕಂಡು ನನಗೆ ನಿದ್ದೆ ಬರುತ್ತಿರಲಿಲ್ಲ. ತೊಟ್ಟಿಯ ನಡುವೆ ಬಲೆ ಕಟ್ಟಿ ಬೇರೆ ಮಾಡಿದೆ. ಉಳಿದವು ತಿನ್ನುವುದು ಕಾಣಬೇಕು, ಆದರೆ ಅವುಗಳ ಕಾಟ ತಟ್ಟಬಾರದು. ಮೇಲೆ ಅಂತರಗಂಗೆ ತೇಲಿಬಿಟ್ಟು ನೆರಳು ಮಾಡಿದೆ, ಹೀಟರ್ ಹಾಕಿದೆ, ಊಟದ ಹೊತ್ತಿಗೆ ದೀಪ ಆರಿಸಿದೆ. ಹುಳುವನ್ನು ನಿಲ್ಲಿಸಲಿಲ್ಲ.

ಹಟ ಹಿಡಿದು ಕೂತವಳು ಮಗಳು. ಶಾಲೆಯಿಂದ ಬಂದವಳೇ ಕೈತೊಳೆದು ಕಡ್ಡಿ ಹಿಡಿಯುತ್ತಿದ್ದಳು. ಒಂದು ಮುಸ್ಸಂಜೆ ಸೀಗಡಿ-ಪೆಲ್ಲೆಟ್ ಪಾಕದ ತುಣುಕಿಗೆ ಎರೆಹುಳುವಿನ ರಸ ಸವರಿ ಅಂತರಗಂಗೆಯ ಬೇರುಗಳ ನಡುವೆ ಇಳಿಸಿದಳು. ಮರಿ ಬಂತು, ಬಾಯಿಗೆ ಹಾಕಿಕೊಂಡಿತು, ಉಗುಳಿತು. “ಅಮ್ಮ, ತಿರುಗಿ ಹೋಗಲಿಲ್ಲ ನೋಡು” ಎಂದು ಪಿಸುಗುಟ್ಟಿದಳು. ಅವಳು ಗಮನಿಸಿದ್ದು ಸರಿ. ಉಗುಳಿ ಬೆನ್ನು ತಿರುಗಿಸಿದರೆ ಬೇಡವೆಂದರ್ಥ. ಉಗುಳಿ ಅಲ್ಲೇ ನಿಂತು ನೋಡಿದರೆ ಇನ್ನೂ ತೂಗುತ್ತಿದೆ ಎಂದರ್ಥ. ತುಣುಕು ತಳ ಮುಟ್ಟುವ ಮೊದಲೇ ಮರಿ ಕೆಳಕ್ಕೆ ಧುಮುಕಿ ಮತ್ತೆ ಹಿಡಿಯಿತು. ಕಿವಿರಿನ ಮುಚ್ಚಳ ಎರಡು ಸಲ ಅಗಲವಾಗಿ ತೆರೆದು ಮುಚ್ಚಿತು, ಪುಡಿಯ ಮಬ್ಬು ಹೊಗೆಯಂತೆ ಹೊರಬಂತು, ಉಳಿದದ್ದು ಒಳಗಿಳಿಯಿತು. ಮಗಳು ಕಡ್ಡಿ ಬಿಸಾಡಿ ಹಿರಿಯರ ಮನೆಗೆ “ಅಜ್ಜಾ” ಎಂದು ಕೂಗುತ್ತ ಓಡಿದಳು.

ಈಗ ದೊಡ್ಡ ಮೂರು ಮರಿಗಳು ತೇಲುವ ಪೆಲ್ಲೆಟ್ ನೀರಿಗೆ ಬಿದ್ದ ಸದ್ದಿಗೇ ಮೇಲೆ ಬರುತ್ತವೆ, ಕಡ್ಡಿ ಬೇಕಿಲ್ಲ. ಚಿಕ್ಕದಕ್ಕೆ ಸೀಗಡಿಯ ನೀರಿನಲ್ಲಿ ನೆನೆಸಿ ಮೆದುವಾದದ್ದೇ ಆಗಬೇಕು. ವಾರಕ್ಕೊಮ್ಮೆ ನಾಲ್ಕಕ್ಕೂ ಹುಳು ಕೊಡುತ್ತೇನೆ. ಪೆಲ್ಲೆಟ್ ಕಲಿತವೆಂದು ಅದನ್ನೇಕೆ ಕಿತ್ತುಕೊಳ್ಳಬೇಕು? ಬಲೆ ಇನ್ನೂ ತೆಗೆದಿಲ್ಲ. ಚಿಕ್ಕದರ ಮೈ ಉಳಿದವುಗಳ ಬಾಯಿಗೆ ಹಿಡಿಸದಷ್ಟು ದಪ್ಪವಾಗಲಿ, ಆಮೇಲೆ ತೆಗೆಯುತ್ತೇನೆ.