ಮೈಸೂರು ಅರಮನೆ 1:150: ಒಂದು ಕಡೆ ಕರೆಂಟ್ ಹೋಗಿದೆ

ಭಾನುವಾರ ಸಂಜೆ 7ಕ್ಕೆ, ಅಸಲಿ ಅರಮನೆಗೆ ದೀಪ ಹತ್ತುವ ಹೊತ್ತಿಗೇ ನಾನೂ ಮನೆಯಲ್ಲಿ ಕಟ್ಟುತ್ತಿರುವ ಅದರ ಪುಟ್ಟ ಮಾದರಿಯ (ಅಸಲಿಯ 150ನೇ ಒಂದು ಪಾಲು ಅಳತೆ) ಸ್ವಿಚ್ ಒತ್ತಿದೆ. ಎದುರಿಂದ ನೋಡಿದರೆ ಸೊಗಸು. ಅಮ್ಮ ಪಕ್ಕಕ್ಕೆ ಸರಿದು ನಿಂತು, "ಲೋ, ಈ ಕಡೆ ಕರೆಂಟ್ ಹೋಗಿದ್ಯಲ್ಲೋ" ಅಂದರು.

ಹೋಗಿರಲಿಲ್ಲ. ಬಲ್ಬುಗಳ ಬದಲು ನಾನು ಗೋಡೆಗೆ ತೂರಿಸಿರೋದು ಬೆಳಕು ಸಾಗಿಸುವ ಪ್ಲಾಸ್ಟಿಕ್ ಎಳೆ, ಅಂದರೆ ಫೈಬರ್. ಅದರ ಅರ್ಧ ಮಿ.ಮೀ. ತುದಿಯಿಂದ ಬೆಳಕು ಮುಂದಕ್ಕೆ ಮಾತ್ರ ಹೊರಡುತ್ತೆ, ಬದಿಗೆ ಹೋದರೆ ಕತ್ತಲೆ. 1912ರಲ್ಲಿ ಮುಗಿದ ಹೆನ್ರಿ ಇರ್ವಿನ್ ವಿನ್ಯಾಸದ ಅಸಲಿ ಕಟ್ಟಡ ಹಗಲಲ್ಲಿ ಗುಮ್ಮಟ, ಕಮಾನು, ಛತ್ರಿ ಎಲ್ಲ ಕಲಸಿದ ಚಿತ್ರಾನ್ನ. ರಾತ್ರಿ ಅದನ್ನು ಒಂದೇ ರಂಗೋಲಿ ಮಾಡೋದು ಸುಮಾರು 1 ಲಕ್ಷ ಬಲ್ಬುಗಳ ಗೆರೆ. ಅಂಗಳದಲ್ಲಿ ಎಲ್ಲಿ ನಿಂತರೂ ಆ ಗೆರೆ ಕಡಿಯಲ್ಲ. ನನ್ನದು ಎರಡು ಹೆಜ್ಜೆಗೇ ಕಡಿಯಿತು.

ಉಪ್ಪುಕಾಗದದಲ್ಲಿ ತುದಿ ಉಜ್ಜಿದೆ, ಬೆಳಕೇ ಮಂಕಾಯ್ತು. ಯುವಿ ರೆಸಿನ್ (ನೇರಳಾತೀತ ಬೆಳಕಿಗೆ ಗಟ್ಟಿಯಾಗುವ ಅಂಟು) ಹನಿ ಇಟ್ಟೆ, ಕಮಾನಿಗೆಲ್ಲ ಸಿಂಬಳ. ಕೊನೆಗೆ ಕೈಹಿಡಿದದ್ದು ಸೋಲ್ಡರಿಂಗ್ ಐರನ್. ತುದಿಯನ್ನು 1.5 ಮಿ.ಮೀ. ಹೊರಗೆ ಬಿಟ್ಟು, ಕಾದ ಬಿಟ್ ಮುಟ್ಟಿಸದೆ ಹತ್ತಿರ ಹಿಡಿದರೆ, ಫೈಬರ್ ಹಿಂದಕ್ಕೆ ಕುಗ್ಗಿ ಅಣಬೆ ತಲೆಯ ಹಾಗೆ ಉಬ್ಬುತ್ತೆ. ಬೆಳಕು ಬದಿಗೂ ಚೆಲ್ಲುತ್ತೆ. ಮುಟ್ಟಿತೋ, ಒಂದೆಳೆ ಪಾಕ. ಹಳೇ ಮರದ ಅರಮನೆ 1897ರಲ್ಲಿ ಸುಟ್ಟುಹೋಗಿತ್ತು. ನಾನು ಪಿಎಲ್‌ಎ (3ಡಿ ಪ್ರಿಂಟರ್ ಪ್ಲಾಸ್ಟಿಕ್) ಗುಮ್ಮಟ ಒಂದನ್ನು ಕರಗಿಸಿ ಸಂಪ್ರದಾಯ ಉಳಿಸಿದೆ.

ತಲೆನೋವು ಏನಂದರೆ, 640 ತುದಿಗಳನ್ನು ಆಗಲೇ ಗೋಡೆಗೆ ಸಮನಾಗಿ ಕತ್ತರಿಸಿ, ಹಿಂದಿನಿಂದ ಸೂಪರ್ ಗ್ಲೂ ಹಾಕಿಬಿಟ್ಟಿದ್ದೆ. ಅದು ತಾಗಿದ ಫೈಬರ್ ಒಣಗಿದ ಹಂಚಿಕಡ್ಡಿ, ಎಳೆದರೆ ಪಟ್. ಮತ್ತೆ ಮೊದಲಿಂದ, ಈ ಸಲ ಬಿಳಿ ಗೋಂದು.

ಇದರ ಜೊತೆಗೆ "ವಾರ್ಮ್ ವೈಟ್" ಅಂತ ಕೊಟ್ಟ ಎಲ್‌ಇಡಿ ರೀಲು ಆಸ್ಪತ್ರೆ ಟ್ಯೂಬ್‌ಲೈಟ್ ಬಣ್ಣ. ಫೋನ್ ಮಾಡಿದರೆ ಅಂಗಡಿಯವರು, "ಸ್ವಲ್ಪ ದಿನ ಉರಿಸಿ ಸಾರ್, ಹಳದಿಗೆ ತಿರುಗುತ್ತೆ" ಅಂದರು. ಬಾಳೆಕಾಯಿ ಅಂದ್ಕೊಂಡಿದ್ದಾರೆ. ಪುಣ್ಯಕ್ಕೆ ಫೈಬರ್ ಕಟ್ಟುಗಳೆಲ್ಲ 8 ಎಲ್‌ಇಡಿಗೇ ಬಂದು ಸೇರೋದರಿಂದ, ನಾಟಕದವರು ಲೈಟಿಗೆ ಹಾಕುವ ಅಂಬರ್ ಜೆಲಟಿನ್ ಹಾಳೆಯ 8 ಚೂರು ಸಾಕಾಯ್ತು.

ಆ ಚೂರನ್ನು ಕಿಟಕಿಗೆ ಹಿಡಿದು ನೋಡುವಾಗಲೇ ತಲೆಗೆ ಹುಳ ಹೊಕ್ಕಿತು: ಅರಮನೆಯೊಳಗಿನ ಕಲ್ಯಾಣ ಮಂಟಪ! ಎಂಟು ಮೂಲೆ, ಗ್ಲಾಸ್ಗೋದಲ್ಲಿ ಎರಕ ಹೊಯ್ದ ಕಬ್ಬಿಣದ ಕಂಬ, ಮೇಲೆ ನವಿಲುಗಳ ಬಣ್ಣದ ಗಾಜು. ಒಎಚ್‌ಪಿ ಹಾಳೆ (ಪಾರದರ್ಶಕ ಪ್ಲಾಸ್ಟಿಕ್ ಹಾಳೆ) ಮೇಲೆ ಪ್ರಿಂಟ್ ತೆಗೆದು, ಎತ್ತರದಲ್ಲಿ ಒಂದೇ ಪುಟ್ಟ ಎಲ್‌ಇಡಿ ಇಟ್ಟರೆ ನೆಲದ ಮೇಲೆ ನವಿಲು ಬೀಳಬೇಕು. ಅದು 1:50 ಇರಲಿ, ಕಣ್ಣಿಗೂ ಸ್ವಲ್ಪ ಕರುಣೆ.

ಸದ್ಯ ಎಡಗಡೆಯ ಕಮಾನುಗಳಲ್ಲಿ 212 ಅಣಬೆ ಎದ್ದಿವೆ. ಮಧ್ಯದ ಗೋಪುರದ ಫೈಬರ್ ಸೋಮವಾರ ಬರುತ್ತಂತೆ. ಅದೇ ಅಂಗಡಿಯಿಂದ.