ಸಣ್ಣ ಪಕ್ಷಕ್ಕೆ ಓಟು ಹಾಕ್ತೀರಾ? ನಮ್ಮ ಚೀಟಿ ಕೆಲಸ ಎಲ್ಲಿಗೆ ಬಂತು

ಮಳೆ ಸ್ವಲ್ಪ ಬಿಡುವು ಕೊಟ್ಟ ಮೇಲೆ ಚೀಟಿ ಕೆಲಸ ಮತ್ತೆ ಶುರುವಾಗಿದೆ. ಹೊಸದಾಗಿ ಓದುವವರಿಗೆ ಹೇಳಿಬಿಡ್ತೇನೆ. ಪರಿಸರವನ್ನೇ ಮುಂದಿಟ್ಟುಕೊಂಡ ಒಂದು ಸಣ್ಣ ಪಕ್ಷ ಕೊಡಗಿನಲ್ಲಿ ಚುನಾವಣೆಗೆ ನಿಂತರೆ ಜನ ಓಟು ಹಾಕ್ತಾರಾ? ಇದನ್ನು ತಿಳಿಯಲು ನಾವು ಕೆಲವು ಗೆಳೆಯರು ಓಟಿನ ಚೀಟಿಯಂಥದ್ದೊಂದನ್ನು ಹಿಡಿದು ಊರೂರಲ್ಲಿ ಕೇಳಿಕೊಂಡು ಹೋಗ್ತಿದ್ದೇವೆ. ಯಾವ ಪಕ್ಷದವರೂ ನಮ್ಮನ್ನು ಕಳಿಸಿಲ್ಲ. ಯಾರ ದುಡ್ಡೂ ಇಲ್ಲ. ತೋಟದ ಕೆಲಸ ಮುಗಿಸಿ ಸಿಗುವ ಹೊತ್ತಿನಲ್ಲಿ ಮಾಡುವ ಕೆಲಸ.

2018ರ ಆಗಸ್ಟ್ ನೋಡಿದ ಮೇಲೆ ಈ ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಮಕ್ಕಂದೂರು, ಜೋಡುಪಾಲ, ಮದೆನಾಡು, ಹೆಬ್ಬೆಟ್ಟಗೇರಿ ಕಡೆ ಗುಡ್ಡ ಜಾರಿ ಮನೆ, ತೋಟ, ಗದ್ದೆ ಎಲ್ಲ ಹೋಯ್ತು. ಮರುವರ್ಷ ತೋರ ಅನ್ನುವ ಊರು. 2020ರಲ್ಲಿ ತಲಕಾವೇರಿಯ ಗಜಗಿರಿ ಬೆಟ್ಟ. ಸಾಲಾಗಿ ಮೂರು ಮಳೆಗಾಲ ಜನ ಮಣ್ಣಡಿ ಸಿಕ್ಕಿ ಸತ್ತರು. ಇಷ್ಟಾದ ಮೇಲೂ ಓಟಿನ ದಿನ ಬೆಟ್ಟ ನೆನಪಿಗೆ ಬರುತ್ತಾ ಇಲ್ವಾ ಅಂತ ನಮಗೆ ನಿಜವಾಗಲೂ ತಿಳಿಯಬೇಕು.

ಚೀಟಿ ಈಗ ಹೀಗಿದೆ

ಅರ್ಧ ಹಾಳೆ. ಮೇಲಿನಿಂದ "ದೊಡ್ಡ ಪಕ್ಷ ಒಂದು", "ದೊಡ್ಡ ಪಕ್ಷ ಎರಡು", "ಪರಿಸರದ ಪಕ್ಷ", ಕೊನೆಗೆ "ಯಾರಿಗೂ ಇಲ್ಲ". ನಿಜವಾದ ಪಕ್ಷಗಳ ಹೆಸರು ಬೇಕಂತಲೇ ಹಾಕಿಲ್ಲ. ಹಾಕಿದರೆ ಮಾತು ಪೂರಾ ಅತ್ತ ಕಡೆಗೇ ಹೋಗಿಬಿಡುತ್ತದೆ. ಪರಿಸರದ ಪಕ್ಷಕ್ಕೆ ಗುರುತು ಬೇಕಲ್ವಾ? ಮರಕ್ಕೆ ಹಬ್ಬಿದ ಕರಿಮೆಣಸಿನ ಬಳ್ಳಿ ಇಟ್ಟಿದ್ದೇವೆ. ಗೆಳೆಯನ ಮಗಳು ಬಿಡಿಸಿಕೊಟ್ಟಳು, ಚೆನ್ನಾಗಿ ಬಂದಿದೆ. ಗುರುತು ಮಾಡಿದ ಚೀಟಿಯನ್ನು ಮಡಚಿ ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಯಾರು ಯಾರಿಗೆ ಹಾಕಿದರು ಅಂತ ನಾವು ನೋಡುವುದಿಲ್ಲ. ಆಮೇಲೆ ಮಾತಾಡಲು ಇಷ್ಟ ಇದ್ದವರ ಹತ್ತಿರ ಕೂತು ಮಾತಾಡ್ತೇವೆ.

ಈ ಸುತ್ತಿನಲ್ಲಿ ಹೊಸದು ಅಂದರೆ ಎರಡು ಕಾಲಂ. ಒಂದು ಮೊದಲ ಆಯ್ಕೆಗೆ, ಇನ್ನೊಂದು ಎರಡನೇ ಆಯ್ಕೆಗೆ. "ನಿಮ್ಮ ಮೊದಲ ಆಯ್ಕೆಯ ಪಕ್ಷ ಕಣದಲ್ಲೇ ಇಲ್ಲದಿದ್ದರೆ ಯಾರಿಗೆ?" ಅಂತ ಬಾಯಲ್ಲಿ ವಿವರಿಸಿ ಹೇಳ್ತೇವೆ.

ಸೋಮವಾರಪೇಟೆ ಸಂತೆ

ಸೋಮವಾರದ ಸಂತೆಯಲ್ಲಿ ಬೆಳಿಗ್ಗೆಯೇ ಡಬ್ಬ ಇಟ್ಟೆವು. ಚೀಟಿ ಹಾಕಿದವರಲ್ಲಿ ಶಾಂತಳ್ಳಿ ಕಡೆಯ ಒಬ್ಬ ಬೆಳೆಗಾರರು ಬಳ್ಳಿಯ ಚಿತ್ರವನ್ನೇ ತುಂಬಾ ಹೊತ್ತು ನೋಡಿದರು. ಕನ್ನಡಕ ಮೇಲೆ ಮಾಡಿ ಕೇಳಿದರು, "ಇದು ಯಾವ ಮರ ಮಾರಾಯ? ಸಿಲ್ವರಾ, ಕಾಡುಮರವಾ?"

ಕಾಡುಮರ ಅಂದೆ.

"ಹಾಗಾದ್ರೆ ಕೇಳು. ನನ್ನ ತೋಟದಲ್ಲಿ ನಾನೇ ಕಾಪಾಡಿಕೊಂಡು ಬಂದ ಬೀಟೆ ಉಂಟು. ಅದನ್ನ ಮುಟ್ಟೋ ಹಾಗಿಲ್ಲ. ಸಿಲ್ವರ್ ಆದ್ರೆ ನಾಳೆ ಕಡಿದು ಮಗಳ ಫೀಸು ಕಟ್ಟಬಹುದು. ನಿಮ್ಮ ಬಳ್ಳಿ ಪಕ್ಷ ಇದಕ್ಕೇನು ಹೇಳುತ್ತೆ?"

ಈ ಒಂದು ಪ್ರಶ್ನೆಯಲ್ಲಿ ಕೊಡಗಿನ ಕಾಫಿ ತೋಟದ ಅರ್ಧ ಕತೆ ಇದೆ. ಇಲ್ಲಿ ಎಷ್ಟೋ ಜಮೀನು ಇನ್ನೂ ಅನ್‌ರಿಡೀಮ್ಡ್, ಅಂದರೆ ಮರದ ಬೆಲೆ ಸರ್ಕಾರಕ್ಕೆ ಕಟ್ಟಿ ಬಿಡಿಸಿಕೊಳ್ಳದ ಜಮೀನು. ಅಲ್ಲಿ ತಾನಾಗಿ ಬೆಳೆದ ಕಾಡುಮರದ ಹಕ್ಕು ಸರ್ಕಾರದ್ದು, ನೋಡಿಕೊಳ್ಳುವ ಕೆಲಸ ಬೆಳೆಗಾರನದ್ದು. ಸಿಲ್ವರ್ ಓಕ್ ಆಸ್ಟ್ರೇಲಿಯಾದಿಂದ ಬಂದ ಮರ. ನೆಟ್ಟಗೆ ಬೆಳೆಯುತ್ತದೆ, ಬೇಗ ಬೆಳೆಯುತ್ತದೆ, ಕಡಿಯಲು ಕಾಡುಮರದಷ್ಟು ತಾಪತ್ರಯ ಇಲ್ಲ. ಅದಕ್ಕೇ ಹೊನ್ನೆ, ನಂದಿ, ಅತ್ತಿ ಇದ್ದ ಜಾಗದಲ್ಲಿ ಸಿಲ್ವರ್ ಬಂತು. ಹಕ್ಕಿಗೆ ಹಣ್ಣಿಲ್ಲ. ಬಗೆಬಗೆಯ ಎಲೆ ಉದುರಿ ಗೊಬ್ಬರ ಆಗುತ್ತಿದ್ದ ನೆಲಕ್ಕೆ ಈಗ ಒಂದೇ ತರದ ತರಗು. ಇದನ್ನು ಮಾಡಿದವರು ಕಾಡಿನ ಮೇಲೆ ಸಿಟ್ಟಿದ್ದವರಲ್ಲ. ಕಾಡುಮರ ಉಳಿಸಿದವನಿಗೇ ನಷ್ಟ ಆಗುವ ನಿಯಮ ಅವರಿಂದ ಮಾಡಿಸಿತು. ಪರಿಸರದ ಪಕ್ಷ ಅಂತ ಬರುವವರು ಮೊದಲು ಬಾಯಿ ಬಿಡಬೇಕಾದದ್ದು ಇಲ್ಲಿ ಅಂತ ನನಗೆ ಅನಿಸಿದೆ. ಸುಮ್ನೆ "ಮರ ಉಳಿಸಿ" ಅಂದರೆ ಅವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ.

ಸಂತೆಯಲ್ಲಿ ಇನ್ನೊಂದು ಭಯವೂ ಬಂತು. "ಪರಿಸರ ಅಂದ್ರೆ ಕಸ್ತೂರಿ ರಂಗನ್ ಅಲ್ವಾ?" ಅಂತ ಕೇಳಿದವರು ತುಂಬಾ ಜನ. ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಕಸ್ತೂರಿ ರಂಗನ್ ಸಮಿತಿಯ ವರದಿ ಬಂದದ್ದು 2013ರಲ್ಲಿ. ಕೊಡಗಿನ 55 ಗ್ರಾಮಗಳು ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿವೆ. 2024ರ ಜುಲೈ ಕೊನೆಗೆ ಕೇಂದ್ರ ಆರನೇ ಸಲ ಕರಡು ಅಧಿಸೂಚನೆ ಹೊರಡಿಸಿತು. ಸೆಪ್ಟೆಂಬರಿನಲ್ಲಿ ರಾಜ್ಯ ಸಂಪುಟ ವರದಿಯೇ ಬೇಡ ಅಂತ ತೀರ್ಮಾನ ಮಾಡಿತು. ಇಷ್ಟು ವರ್ಷದಲ್ಲಿ ಆ ಊರುಗಳಿಗೆ ಹೋಗಿ, ಕೂತು, ಏನು ನಿಲ್ಲುತ್ತದೆ, ಏನು ನಡೆಯುತ್ತದೆ ಅಂತ ಕನ್ನಡದಲ್ಲಿ ಬಿಡಿಸಿ ಹೇಳಿದವರು ಯಾರೂ ಬರಲಿಲ್ಲ ಅಂತ ಆ ಕಡೆಯಿಂದ ಸಂತೆಗೆ ಬಂದವರು ಹೇಳಿದರು. ಗಣಿ, ದೊಡ್ಡ ಕಾರ್ಖಾನೆ ಬೇಡ ಅನ್ನುವ ವರದಿ ಜನರ ಮನಸ್ಸಿನಲ್ಲಿ "ಮನೆ ಕಟ್ಟಲು ಬಿಡುವುದಿಲ್ಲ" ಅಂತ ಕೂತಿದೆ. ಗುಡ್ಡ ಜಾರಿದ್ದನ್ನು ಕಣ್ಣಾರೆ ಕಂಡವರೂ ಹಾಗೇ ಹೇಳ್ತಾರೆ.

ಮೂರ್ನಾಡು

ಚೀಟಿ ಜಾಸ್ತಿ ಬೀಳಲಿಲ್ಲ, ಆದರೆ ಒಂದು ಒಳ್ಳೆ ಮಾತು ಸಿಕ್ಕಿತು. ಎಂಬತ್ತು ದಾಟಿದ ಒಬ್ಬ ಹಿರಿಯರು, "ಸಣ್ಣ ಪಕ್ಷ ಗೆಲ್ಲಲ್ಲ ಅಂತ ಯಾರು ಹೇಳಿದ್ದು? ತಕ್ಕಡಿ ಗೊತ್ತುಂಟಾ ನಿಂಗೆ?" ಅಂದರು.

1952ರ ಮಾತು. ಕೊಡಗು ಆಗ ಪ್ರತ್ಯೇಕ ರಾಜ್ಯ, 24 ಸೀಟಿನ ವಿಧಾನಸಭೆ. ಕಾಂಗ್ರೆಸ್ಸಿಗೆ 15 ಬಂತು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ ಆದರು. ಉಳಿದ 9 ಸೀಟು ಎದುರು ಬಣಕ್ಕೆ. ಕೊಡಗು ಬೇರೆ ರಾಜ್ಯಕ್ಕೆ ಸೇರಬಾರದು ಅಂತ ಪಂದ್ಯಂಡ ಬೆಳ್ಯಪ್ಪನವರ ಮುಂದಾಳತ್ವದಲ್ಲಿ ನಿಂತ ತಕ್ಕಡಿ ಪಕ್ಷ ಅದು. ಇಲ್ಲಿನದೇ ಪಕ್ಷ, ಇಲ್ಲಿನದೇ ವಿಷಯ. ಸೋತರೂ ಸಭೆಯಲ್ಲಿ ಕೂತರು.

ಮನೆಗೆ ಬಂದು ಲೆಕ್ಕ ಹಾಕಿದೆ. 1951ರ ಜನಗಣತಿಯಲ್ಲಿ ಕೊಡಗಿನ ಜನ 2.29 ಲಕ್ಷ. 24 ಸೀಟು ಅಂದರೆ ಒಂದು ಸೀಟಿಗೆ ಹತ್ತು ಸಾವಿರ ಜನವೂ ಪೂರಾ ಆಗಲಿಲ್ಲ. 2011ರಲ್ಲಿ ಜನ 5.54 ಲಕ್ಷ. ಸೀಟು ಎರಡು, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಮೊದಲು ಸೋಮವಾರಪೇಟೆ ಸೇರಿ ಮೂರಿತ್ತು, ಅದೂ ಹೋಯ್ತು. ಲೋಕಸಭೆಗಂತೂ ನಾವು ಮೈಸೂರು ಕ್ಷೇತ್ರದ ಎಂಟರಲ್ಲಿ ಎರಡು ಪಾಲು. ತಕ್ಕಡಿ ಕಾಲದಲ್ಲಿ ಒಂದು ನಾಡಿನ ನಾಲ್ಕು ಊರು ನಂಬಿದರೆ ಗೆಲ್ಲಬಹುದಿತ್ತು. ಈಗ ಕುಶಾಲನಗರದ ಬಡಾವಣೆಯವರೂ ಶಾಂತಳ್ಳಿಯ ಬೆಟ್ಟದವರೂ ಒಟ್ಟಿಗೆ ನಂಬಬೇಕು. ಜನರ ಮನಸ್ಸು ಅಳೆಯಲು ಹೊರಟ ನಮಗೆ ಈ ಲೆಕ್ಕ ದೊಡ್ಡ ಪಾಠ.

ಸಿದ್ದಾಪುರ, ಮಾಲ್ದಾರೆ

ಇಲ್ಲಿ ಆನೆಯದ್ದೇ ಮಾತು. ಬೇರೆ ಮಾತು ಬರುವುದಾದರೂ ಹೇಗೆ? ಬೆಳಿಗ್ಗೆ ತೋಟದ ಕಾರ್ಮಿಕರ ಲೈನ್ ಮನೆಯಿಂದ ಕೆಲಸಕ್ಕೆ ಹೊರಡುವವರು ಮೊದಲು ನೋಡುವುದು ವಾಟ್ಸಾಪಿನಲ್ಲಿ ಆನೆ ಎಲ್ಲಿದೆ ಅಂತ. ಒಬ್ಬ ಅಕ್ಕ ಚೀಟಿ ಹಿಡಿದುಕೊಂಡೇ ಹೇಳಿದರು, "ಆನೆ ಬಂದಾಗ ಯಾರು ಫೋನ್ ಎತ್ತುತ್ತಾರೋ ಅವರಿಗೆ ನನ್ನ ಓಟು ಅಣ್ಣ. ಪಕ್ಷ ಯಾವುದಾದ್ರೂ ಆಗಲಿ."

ಅವರ ಅಣ್ಣನ ಗಾಯದ ಪರಿಹಾರದ ಫೈಲು ತುಂಬಾ ದಿನ ಓಡಾಡಿಸಿತಂತೆ. ಕೊನೆಗೆ ಮಾಡಿಸಿಕೊಟ್ಟದ್ದು ದೊಡ್ಡ ಪಕ್ಷವೊಂದರ ಊರಿನ ಕಾರ್ಯಕರ್ತ. ಅವನಿಗೆ ಪರಿಸರದ ಬಗ್ಗೆ ಏನು ಅಭಿಪ್ರಾಯವೋ ಗೊತ್ತಿಲ್ಲ. ಆದರೆ ಕಚೇರಿಗೆ ಜೊತೆಯಲ್ಲಿ ಹೋದ, ಮೆಟ್ಟಿಲ ಮೇಲೆ ಕೂತ, ಸಹಿ ಹಾಕಿಸಿಕೊಂಡು ಬಂದ. ಆ ಮನೆಯ ಓಟು ಅವನಿಗೆ ಸಿಗುವುದು ನ್ಯಾಯವೇ.

ಹಾಡಿಯವರ, ಅಂದರೆ ಆದಿವಾಸಿ ಕೇರಿಗಳವರ ಜೊತೆ ಮಾತು ಇನ್ನೂ ಕಷ್ಟ. 2016ರ ಡಿಸೆಂಬರಿನಲ್ಲಿ ದಿಡ್ಡಳ್ಳಿಯಲ್ಲಿ ಅರಣ್ಯ ಜಾಗ ಅಂತ ಗುಡಿಸಲು ಕಿತ್ತದ್ದು ಈ ಪಕ್ಕದಲ್ಲೇ. ಕಾಡು ಉಳಿಸುವವರು ಅಂದರೆ ತಮ್ಮನ್ನು ಎಬ್ಬಿಸುವವರು ಅಂತ ಅವರಿಗೆ ಅನುಭವದಿಂದ ಗೊತ್ತು. ಕಾಡಿನ ಜೊತೆ ಎಲ್ಲರಿಗಿಂತ ಹತ್ತಿರ ಬದುಕಿದವರು ಪರಿಸರದ ಪಕ್ಷದ ಚೀಟಿಯನ್ನು ಮುಟ್ಟಲೂ ಹಿಂಜರಿದರು. ಅರಣ್ಯ ಹಕ್ಕು ಕಾಯ್ದೆಯ ಪತ್ರ ಕೊಡಿಸುವ ಕೆಲಸವನ್ನು ತನ್ನ ಮೊದಲ ಕೆಲಸ ಮಾಡಿಕೊಳ್ಳದ ಪಕ್ಷಕ್ಕೆ ಇಲ್ಲಿ ಮುಖ ತೋರಿಸುವ ಹಕ್ಕಿಲ್ಲ ಅಂತಲೇ ನಾನು ಹೇಳ್ತೇನೆ.

ಡಬ್ಬ ಬಿಚ್ಚಿದಾಗ

ಎಲ್ಲ ಕಡೆಯ ಚೀಟಿ ಸೇರಿಸಿ ನೋಡಿದೆವು. ಮೊದಲ ಆಯ್ಕೆಯಲ್ಲಿ ಬಳ್ಳಿಗೆ ಬಿದ್ದದ್ದು ಕಡಿಮೆ. ಎರಡನೇ ಆಯ್ಕೆಯಲ್ಲಿ ಅರ್ಧಕ್ಕಿಂತ ಜಾಸ್ತಿ ಚೀಟಿಗಳಲ್ಲಿ ಬಳ್ಳಿ. ಇದು ಸಂತೆ, ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕವರ ಮಾತು, ಜಿಲ್ಲೆಯ ತೀರ್ಪು ಅಂತ ಯಾರೂ ತೆಗೆದುಕೊಳ್ಳಬೇಡಿ. ಆದರೂ ಎರಡು ಕಾಲಂ ನಡುವಿನ ಅಂತರ ಅಷ್ಟು ದೊಡ್ಡದಿರುವಾಗ ಅದಕ್ಕೆ ಕಾರಣ ಇರಲೇಬೇಕು.

ಕಾರಣ ಕೇಳಿದರೆ ಎಲ್ಲರದ್ದೂ ಹೆಚ್ಚುಕಡಿಮೆ ಒಂದೇ ಉತ್ತರ: ಓಟು ದಂಡ ಆಗುತ್ತದೆ. ಅದು ಸುಮ್ನೆ ಹೆದರಿಕೆ ಏನಲ್ಲ. 2023ರಲ್ಲಿ ಕೊಡಗಿನ ಎರಡೂ ಸೀಟು ಬಿಜೆಪಿಯಿಂದ ಕಾಂಗ್ರೆಸ್ಸಿಗೆ ಹೋದವು. ಎರಡೂ ಕಡೆ ಅಂತರ ಐದು ಸಾವಿರದ ಒಳಗೆ. ಅಂಥ ಕಡೆ ಸಣ್ಣ ಪಕ್ಷ ಐದಾರು ಸಾವಿರ ಓಟು ತೆಗೆದರೆ ತಾನು ಗೆಲ್ಲುವುದಿಲ್ಲ, ಯಾರು ಸೋಲಬೇಕು ಅಂತ ಮಾತ್ರ ತೀರ್ಮಾನ ಮಾಡುತ್ತದೆ. ಠೇವಣಿ ಉಳಿಯಲು ಬಿದ್ದ ಓಟಿನ ಆರರಲ್ಲಿ ಒಂದು ಪಾಲು ಬೇಕು. ನಮ್ಮ ಕ್ಷೇತ್ರಗಳಲ್ಲಿ ಅದು 25 ಸಾವಿರದ ಮೇಲೆ ಹೋಗುತ್ತದೆ.

ಕಾಲೇಜು ಹುಡುಗರು "ಜರ್ಮನಿಯಲ್ಲಿ ಗ್ರೀನ್ಸ್ ಗೆಲ್ತಾರಲ್ಲ ಅಣ್ಣ" ಅಂತ ಕೇಳ್ತಾರೆ. ನಿಜ. ಅಲ್ಲಿನ ಪಕ್ಷ ಶುರುವಾದದ್ದು 1980ರಲ್ಲಿ. 1983ರಲ್ಲಿ ಶೇ 5.6 ಓಟಿಗೇ ಸಂಸತ್ತಿಗೆ ಹೋದರು, ಯಾಕೆಂದರೆ ಅಲ್ಲಿ ಶೇ 5 ದಾಟಿದರೆ ಓಟಿನ ಪಾಲಿಗೆ ತಕ್ಕಂತೆ ಸೀಟು. 1998ರಲ್ಲಿ ಸರ್ಕಾರದಲ್ಲೇ ಕೂತರು. ಬ್ರಿಟನ್ನಿನ ಗ್ರೀನ್ ಪಕ್ಷ 1989ರ ಯುರೋಪ್ ಚುನಾವಣೆಯಲ್ಲಿ ಸುಮಾರು ಶೇ 15 ಓಟು ತೆಗೆಯಿತು. ಸಿಕ್ಕ ಸೀಟು ಸೊನ್ನೆ. ಅಲ್ಲಿ ಆಗ ನಮ್ಮ ಹಾಗೇ, ಕ್ಷೇತ್ರದಲ್ಲಿ ಮೊದಲು ಬಂದವರಿಗೆ ಮಾತ್ರ ಸೀಟು. ಅವರ ಮೊದಲ ಎಂಪಿ ಕ್ಯಾರೊಲಿನ್ ಲೂಕಸ್ ಬ್ರೈಟನ್ನಿನಿಂದ ಗೆದ್ದದ್ದು 2010ರಲ್ಲಿ. ಒಂದೇ ಊರಿನಲ್ಲಿ ವರ್ಷಗಟ್ಟಲೆ ಕೌನ್ಸಿಲ್ ಮಟ್ಟದ ಕೆಲಸ ಮಾಡಿದ ಮೇಲೆ. 2024ರಲ್ಲಿ ನಾಲ್ಕು ಸೀಟಾಯ್ತು. ನಮಗೆ ಜರ್ಮನಿಗಿಂತ ಬ್ರೈಟನ್ನಿನ ದಾರಿ ಹತ್ತಿರ.

ಆ ದಾರಿಯ ಮೊದಲ ಮೆಟ್ಟಿಲೇ ಇಲ್ಲಿ ಮುಚ್ಚಿದೆ ಅನ್ನುವುದು ನನ್ನ ಸಿಟ್ಟು. ಗ್ರಾಮ ಪಂಚಾಯ್ತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಚಿಹ್ನೆ ಇರುವುದು ತಾಲ್ಲೂಕು ಮತ್ತು ಜಿಲ್ಲಾ ಪಂಚಾಯ್ತಿಗೆ. ಕೆಲವೇ ಊರುಗಳ ಕ್ಷೇತ್ರ, ಕಾಲ್ನಡಿಗೆಯಲ್ಲಿ ಮುಟ್ಟಬಹುದು, ಸಣ್ಣ ಪಕ್ಷಕ್ಕೆ ಹೇಳಿ ಮಾಡಿಸಿದ ಜಾಗ. ಅದಕ್ಕೆ 2016ರಲ್ಲಿ ಗೆದ್ದವರ ಅವಧಿ 2021ರಲ್ಲೇ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಆ ಕುರ್ಚಿಗಳಲ್ಲಿ ಜನ ಆರಿಸಿದವರಿಲ್ಲ, ಅಧಿಕಾರಿಗಳಿದ್ದಾರೆ. ದೊಡ್ಡ ಪಕ್ಷಗಳಿಗೆ ಇದರಿಂದ ನಷ್ಟ ಕಡಿಮೆ. ಹೊಸಬರಿಗೆ ಬೆಳೆಯುವ ಜಾಗವೇ ಹೋಯ್ತು.

ಮುಂದಿನ ಸುತ್ತು

ಕೊಡಗಿನ ಜನ ಪರಿಸರಕ್ಕೆ ಓಟು ಹಾಕುವುದಿಲ್ಲ ಅನ್ನುವ ಮಾತನ್ನು ನಾನು ಇನ್ನು ಒಪ್ಪುವುದಿಲ್ಲ. ಸಾವಿರಕ್ಕೂ ಜಾಸ್ತಿ ದೇವರಕಾಡು ಉಳಿಸಿಕೊಂಡ ಜಿಲ್ಲೆ ಇದು. ಅವರು ಓಟು ಹಾಕದೇ ಇರುವುದು ಮಾರನೇ ದಿನ ಊರಲ್ಲಿ ಕಾಣದ ಪಕ್ಷಕ್ಕೆ.

ಹಾಗಾಗಿ ಹೊಸ ಚೀಟಿಯಲ್ಲಿ ಪಕ್ಷದ ಬದಲು ಒಬ್ಬ ತಾಲ್ಲೂಕು ಪಂಚಾಯ್ತಿ ಅಭ್ಯರ್ಥಿಯನ್ನು ಇಡ್ತೇವೆ. ಅದೇ ಊರಿನವರು, ಬಳ್ಳಿ ಗುರುತು. ಕೆಳಗೆ ಅವರು ಮಾಡುವ ಕೆಲಸ: ಆನೆ ಪರಿಹಾರದ ಫೈಲಿಗೆ ಜೊತೆಯಲ್ಲಿ ಬರುವುದು, ಕಾಡುಮರ ಉಳಿಸಿದವರಿಗೆ ಮರದ ಹಕ್ಕು ಕೇಳುವುದು, ಹೋಂಸ್ಟೇಗೆ ಅಂತ ಜೆಸಿಬಿ ಹಚ್ಚಿ ಇಳಿಜಾರು ಕಡಿಯುವ ಮೊದಲು ಗ್ರಾಮಸಭೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಬೇಕು ಅಂತ ಹಠ ಹಿಡಿಯುವುದು. ಮೊದಲ ಆಯ್ಕೆಯ ಕಾಲಂನಲ್ಲಿ ಬಳ್ಳಿ ಮೇಲೆ ಬರುತ್ತಾ ನೋಡಬೇಕು.

ಅರೇಬಿಕಾ ಕೊಯ್ಲು ಶುರುವಾದರೆ ಯಾರಿಗೂ ಪುರಸೊತ್ತಿರುವುದಿಲ್ಲ. ಅದಕ್ಕೆ ಮೊದಲು ಪೊನ್ನಂಪೇಟೆ, ತಿತಿಮತಿ ಕಡೆ ಮುಗಿಸಬೇಕು ಅಂತಿದ್ದೇವೆ. ಎರವ ಭಾಷೆ ಬರುವ ಒಬ್ಬರು, ಮಲಯಾಳ ಬರುವ ಒಬ್ಬರು ಜೊತೆಗೆ ಬೇಕು. ಕನ್ನಡದಲ್ಲಿ ಕೇಳಿದರೆ ಹಾಡಿಯಲ್ಲಿ ಹಿರಿಯರು ಬರೀ ತಲೆ ಆಡಿಸ್ತಾರೆ, ಮಾತಾಡುವುದಿಲ್ಲ. ಬರುವವರಿಗೆ ಬಸ್ ಖರ್ಚು, ಊಟ ನಮ್ಮದು.