‘ಯೇಸು ಎದ್ದು ಬಂದ ಅಂದಾಗ ರೋಮನ್ನರು ಏನಂದ್ರು?’ ಅಂತ ಕೇಳುವವರಿಗೆ

ರೋಮ್ ಚರಿತ್ರೆ ಓದುತ್ತೇನೆ ಅಂತ ಎಲ್ಲಾದರೂ ಬಾಯಿ ಬಿಟ್ಟರೆ ಮುಗೀತು. ಎಲೆ ಮೇಲೆ ಅನ್ನ ಬೀಳುವಷ್ಟರಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ: ಯೇಸು ಸತ್ತು ಮೂರನೇ ದಿನ ಎದ್ದು ಬಂದ ಅಂತ ಕ್ರೈಸ್ತರು ಹೇಳಿದಾಗ ರೋಮನ್ನರು ಏನಂದರು? ಕೇಳುವವರಲ್ಲಿ ಎರಡು ಪಂಗಡ. ಒಂದು ಪಂಗಡಕ್ಕೆ ‘ಬೆಚ್ಚಿಬಿದ್ದರು’ ಅನ್ನಬೇಕು. ಇನ್ನೊಂದಕ್ಕೆ ‘ಬಿದ್ದು ಬಿದ್ದು ನಕ್ಕರು’ ಅನ್ನಬೇಕು. ಎರಡೂ ಪೂರ್ತಿ ಸರಿಯಲ್ಲ ಅಂದರೆ ಇಬ್ಬರಿಗೂ ನನ್ನ ಮೇಲೆ ಕೋಪ. ಅದಕ್ಕೇ ಇಲ್ಲಿ ಬರೆದಿಡುತ್ತಿದ್ದೇನೆ. ಇನ್ನು ಮೇಲೆ ಲಿಂಕ್ ಕಳಿಸಿ ಊಟ ಮಾಡುತ್ತೇನೆ.

ಮೊದಲನೇ ಮಾತು, ಜಾಸ್ತಿ ಜನ ಏನೂ ಅನ್ನಲಿಲ್ಲ. ಬೇಜಾರಾಯಿತಲ್ವಾ? ಬೈಬಲ್ಲಿನ ಅಪೊಸ್ತಲರ ಕೃತ್ಯಗಳಲ್ಲಿ ಫೆಸ್ತ ಎಂಬ ರೋಮನ್ ಅಧಿಕಾರಿ ಬರುತ್ತಾನೆ. ಯೇಸುವಿನ ಮತ ಸಾರುತ್ತಿದ್ದ ಪೌಲನ ಕೇಸಿನ ಬಗ್ಗೆ ಅವನು ವಿವರಿಸುವುದು ಇಷ್ಟೇ: ಸತ್ತುಹೋದ ಯೇಸು ಎಂಬ ಒಬ್ಬನ ವಿಷಯವಂತೆ, ಅವನು ಬದುಕಿದ್ದಾನೆ ಅಂತ ಈ ಪೌಲ ಹೇಳುತ್ತಾನೆ. ಪಕ್ಕದ ತಾಲೂಕಿನ ಜಮೀನು ತಕರಾರಿನ ಫೈಲ್ ಓದುವ ದನಿ ಅದು. ಇದನ್ನು ಬರೆದವನೂ ಕ್ರೈಸ್ತನೇ, ನೆನಪಿರಲಿ. ಸುಮಾರು ಕ್ರಿ.ಶ. 116ರಲ್ಲಿ ಬರೆದ ರೋಮನ್ ಇತಿಹಾಸಕಾರ ಟ್ಯಾಸಿಟಸ್‌ಗೆ ರೋಮನ್ ಗವರ್ನರ್ ಪಿಲಾತನ ಕೈಯಲ್ಲಿ ಕ್ರಿಸ್ತನಿಗೆ ಮರಣದಂಡನೆ ಆದದ್ದು ಗೊತ್ತು. ಈ ‘ಮೂಢನಂಬಿಕೆ’ ಸ್ವಲ್ಪ ದಿನ ಅಡಗಿ ಮತ್ತೆ ತಲೆ ಎತ್ತಿತು ಅನ್ನುತ್ತಾನೆ. ಎದ್ದದ್ದು ಮೂಢನಂಬಿಕೆ ಮಾತ್ರ. ಕ್ರಿಸ್ತ ಎದ್ದನೋ ಇಲ್ಲವೋ, ಆ ಸುದ್ದಿಗೇ ಅವನು ಹೋಗುವುದಿಲ್ಲ.

ಇಷ್ಟು ಹೇಳಿದ ತಕ್ಷಣ ಯಾರೋ ಮೊಬೈಲ್ ತೆಗೆಯುತ್ತಾರೆ. ಒಂದು ನಾಮಕರಣದಲ್ಲಿ ಹೀಗೇ ಆಯಿತು. ವರಸೆಯಲ್ಲಿ ನನಗೆ ಚಿಕ್ಕಪ್ಪ ಆಗಬೇಕಾದವರು, ಕ್ರೈಸ್ತರೂ ಅಲ್ಲ, ಯಾವುದೋ ಗ್ರೂಪಿನಲ್ಲಿ ಬಂದ ಫೋಟೋ ತೋರಿಸಿ, ‘ಇದಕ್ಕೇನಂತೀಯಪ್ಪಾ, ಹೇಳು’ ಅಂದರು. ಗೋರಿ ಒಡೆದು ಹೆಣ ಸಾಗಿಸಿದವರಿಗೆ ಮರಣದಂಡನೆ ಅಂತ ಸೀಸರ್ ಆಜ್ಞೆ ಕೆತ್ತಿಸಿದ ಕಲ್ಲು, ಅದೂ ಯೇಸುವಿನ ಊರು ನಜರೇತಿನದು! ಚಕ್ರವರ್ತಿ ಹೆದರಿದ ಅನ್ನೋದಕ್ಕೆ ಇನ್ನೇನು ಸಾಕ್ಷಿ ಬೇಕು? ಆ ಕಲ್ಲು ನಿಜವಾದದ್ದೇ, ಈಗ ಪ್ಯಾರಿಸ್ಸಿನಲ್ಲಿದೆ. 1878ರಲ್ಲಿ ನಜರೇತಿನಿಂದ ಕಳಿಸಿದ್ದು ಅಂತ ಅದನ್ನು ಕೊಂಡವನು ಬರೆದಿಟ್ಟಿದ್ದ, ಅಷ್ಟೇ ಆಧಾರ. 2020ರಲ್ಲಿ ಅಮೃತಶಿಲೆಯನ್ನು ಪರೀಕ್ಷೆ ಮಾಡಿದರು. ಕಲ್ಲು ಗ್ರೀಸಿನ ಕೋಸ್ ದ್ವೀಪದ್ದು. ಆ ದ್ವೀಪದಲ್ಲಿ ನಿಕಿಯಾಸ್ ಎಂಬ ಸರ್ವಾಧಿಕಾರಿ ಸತ್ತ ಮೇಲೆ ಊರವರೇ ಅವನ ಗೋರಿ ಒಡೆದು ಹೆಣ ಹೊರಗೆ ಎಳೆದಿದ್ದರು. ಅದು ಯೇಸು ಹುಟ್ಟುವುದಕ್ಕೂ ಮುಂಚಿನ ಮಾತು. ಆಜ್ಞೆ ಆ ಗಲಾಟೆಗೆ ಸಂಬಂಧಿಸಿದ್ದಿರಬಹುದು ಅಂತ ಪರೀಕ್ಷಿಸಿದವರ ಅಂದಾಜು. ಇದನ್ನೆಲ್ಲ ಹೇಳಿದೆ. ಚಿಕ್ಕಪ್ಪ ಫೋನ್ ಒಳಗಿಟ್ಟು, ‘ನಿನಗೆ ಎಲ್ಲದರಲ್ಲೂ ಅನುಮಾನ’ ಅಂದರು. ಎರಡನೇ ಸಲ ಪಾಯಸ ಬಡಿಸುವವನು ನನ್ನನ್ನು ದಾಟಿಕೊಂಡೇ ಹೋಗಿದ್ದ.

ಇನ್ನು ನಗುವಿನ ಪಂಗಡಕ್ಕೆ. ಸತ್ತವನು ಮೇಲೆ ಹೋದ ಅನ್ನುವುದು ರೋಮನ್ನರಿಗೆ ಹೊಸದೇನಲ್ಲ. ಅವರಲ್ಲಿ ಅದಕ್ಕೊಂದು ಸರ್ಕಾರಿ ಪದ್ಧತಿಯೇ ಇತ್ತು. ಕ್ರಿ.ಶ. 14ರಲ್ಲಿ ಚಕ್ರವರ್ತಿ ಅಗಸ್ಟಸ್ ಸತ್ತ. ಅವನು ಸ್ವರ್ಗಕ್ಕೆ ಏರಿದ್ದನ್ನು ಕಣ್ಣಾರೆ ಕಂಡೆ ಅಂತ ನ್ಯುಮೇರಿಯಸ್ ಅಟಿಕಸ್ ಎಂಬ ಸೆನೆಟರ್ ಪ್ರಮಾಣ ಮಾಡಿದ. ರಾಣಿ ಲಿವಿಯಾ ಅವನಿಗೆ ಹತ್ತು ಲಕ್ಷ ಸೆಸ್ಟರ್ಸ್ ಕೊಟ್ಟಳಂತೆ. ಇಂಥ ಜನಕ್ಕೆ ಕ್ರೈಸ್ತರ ಮಾತಿನಲ್ಲಿ ಚುಚ್ಚಿದ್ದು ಎದ್ದವನು ಯಾರು ಅನ್ನುವುದು. ಚಕ್ರವರ್ತಿ ಏರಿದರೆ ಸರಿ. ಗುಲಾಮರಿಗೂ ದಂಗೆಕೋರರಿಗೂ ಮೀಸಲಾದ ಶಿಲುಬೆಯಲ್ಲಿ ಸತ್ತವನು?

ಎರಡನೇ ಮುಜುಗರ ದೇಹ. ಆತ್ಮ ಉಳಿಯುತ್ತದೆ ಅಂದಿದ್ದರೆ ಅಲ್ಲಿನ ಪಂಡಿತರಲ್ಲಿ ಅರ್ಧದಷ್ಟು ಜನ ಹೌದೆಂದು ತಲೆಯಾಡಿಸುತ್ತಿದ್ದರು. ಕೊಳೆತ ದೇಹ ಏಳುತ್ತದೆ ಅಂದಾಗ ಮುಖ ಸಿಂಡರಿಸಿದರು. ಸುಮಾರು 177ರ ಹೊತ್ತಿಗೆ ಕೆಲ್ಸಸ್ ಎಂಬಾತ ಕ್ರೈಸ್ತರ ವಿರುದ್ಧ ಒಂದು ಪುಸ್ತಕ ಬರೆದ. ಪುಸ್ತಕ ಕಳೆದುಹೋಯಿತು. ಆದರೆ ಅದಕ್ಕೆ ಉತ್ತರ ಕೊಡಲು ಒರಿಜೆನ್ ಎಂಬ ಕ್ರೈಸ್ತ ಅದನ್ನು ಸಾಲುಸಾಲಾಗಿ ಎತ್ತಿ ಬರೆದದ್ದರಿಂದ ಬಹುಪಾಲು ಉಳಿದುಕೊಂಡಿತು. ಇದು ಹುಳುಗಳಿಗೆ ತಕ್ಕ ಆಸೆ, ಕೊಳೆತ ಮೈ ಯಾವ ಆತ್ಮಕ್ಕೆ ಬೇಕು ಅನ್ನುತ್ತಾನೆ ಕೆಲ್ಸಸ್. ಶಿಕ್ಷೆ ಕೊಟ್ಟವರಿಗೇ ಹೋಗಿ ಯಾಕೆ ಕಾಣಿಸಿಕೊಳ್ಳಲಿಲ್ಲ ಅಂತಲೂ ಕೇಳುತ್ತಾನೆ. ನೋಡಿದವರು ಯಾರು, ಬುದ್ಧಿ ಕೆಟ್ಟ ಒಬ್ಬ ಹೆಂಗಸು ತಾನೇ, ಅನ್ನುವುದೂ ಅವನದೇ. ಇವತ್ತು ಫೇಸ್‌ಬುಕ್ಕಿನಲ್ಲಿ ತಾನೇ ಕಂಡುಹಿಡಿದವನಂತೆ ಇದನ್ನೇ ಕೇಳುವ ಅಣ್ಣಂದಿರೇ, ನಿಮಗಿಂತ ಹದಿನೆಂಟು ಶತಮಾನ ಮುಂಚೆ ಒಬ್ಬ ಕೇಳಿ ಮುಗಿಸಿದ್ದಾನೆ.

ನನಗೆ ಇಷ್ಟದವನು ಅದೇ ಕಾಲದ ವ್ಯಂಗ್ಯಗಾರ ಲೂಸಿಯನ್. ಪೆರೆಗ್ರಿನಸ್ ಎಂಬ ಸನ್ಯಾಸಿ, ಸ್ವಲ್ಪ ಕಾಲ ಕ್ರೈಸ್ತನೂ ಆಗಿದ್ದವನು, 165ರಲ್ಲಿ ಒಲಿಂಪಿಯಾದ ಹತ್ತಿರ ಜನರ ಮುಂದೆ ಬೆಂಕಿಗೆ ಹಾರಿ ಸತ್ತ. ಚಿತೆಯಿಂದ ಒಂದು ರಣಹದ್ದು ಮೇಲಕ್ಕೆ ಹಾರಿತು ಅಂತ ಲೂಸಿಯನ್ ದಾರಿಯಲ್ಲಿ ಸಿಕ್ಕ ಪೆದ್ದರಿಗೆ ಸುಮ್ನೆ ಒಂದು ಬುರುಡೆ ಬಿಟ್ಟನಂತೆ. ಸ್ವಲ್ಪ ಹೊತ್ತಿನಲ್ಲೇ ಒಬ್ಬ ಮುದುಕ ಆ ಹದ್ದನ್ನು ತಾನೇ ಕಂಡೆ ಅಂತ ಆಣೆ ಇಡುತ್ತಿದ್ದ. ಸತ್ತವನನ್ನು ಬಿಳಿ ಬಟ್ಟೆಯಲ್ಲಿ ಈಗಷ್ಟೇ ನೋಡಿ ಬಂದೆ ಅಂತಲೂ ಸೇರಿಸಿದ.

ಅಂದಹಾಗೆ ಲೂಸಿಯನ್ ಸಿರಿಯಾ ಕಡೆಯವನು. ಅವನೂ ಕೆಲ್ಸಸ್ಸೂ ಬರೆದದ್ದು ಗ್ರೀಕಿನಲ್ಲಿ. ಪೌಲ ಸ್ವತಃ ರೋಮನ್ ಪ್ರಜೆ ಅನ್ನುತ್ತದೆ ಅದೇ ಅಪೊಸ್ತಲರ ಕೃತ್ಯಗಳು. ‘ರೋಮನ್ನರು’ ಅಂತ ಒಬ್ಬನೇ ಮನುಷ್ಯ ಇದ್ದ ಹಾಗೆ ಕೇಳುತ್ತೀರಲ್ಲ, ಯಾವ ರೋಮನ್ನರು ಸ್ವಾಮಿ?

177ರಲ್ಲೇ ಈಗಿನ ಫ್ರಾನ್ಸಿನ ಲಿಯೋನ್ ಊರಿನ ಗುಂಪು ಕ್ರೈಸ್ತರನ್ನು ಕೊಲ್ಲಿಸಿತು. ಸತ್ತವರಲ್ಲಿ ಬ್ಲಾಂಡಿನಾ ಎಂಬ ದಾಸಿಯೂ ಇದ್ದಳು. ಹೆಣಗಳನ್ನು ಆರು ದಿನ ಬಯಲಿನಲ್ಲಿಟ್ಟರು, ಹೂಳಲು ಬಿಡಲಿಲ್ಲ. ಆಮೇಲೆ ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿ ಹಾಕಿದರು. ಈಗ ಏಳುತ್ತಾರಾ ನೋಡೋಣ ಅಂದರಂತೆ. ಅಲ್ಲಿಯ ಕ್ರೈಸ್ತರು ಬರೆದ ಪತ್ರದಲ್ಲಿ ಇದೆಲ್ಲ ಇದೆ. ಇಲ್ಲಿ ನಗು ಇದೆ, ಸರಿ. ಆದರೆ ಬರೀ ನಗು ಬಂದಿದ್ದರೆ ಆರು ದಿನ ಹೆಣ ಕಾಯುತ್ತಿದ್ದರಾ?

ನೀವು ಕೇಳಬೇಕಿದ್ದ ಪ್ರಶ್ನೆ ಬೇರೆ ಇದೆ. ಸುಮಾರು 112ರಲ್ಲಿ, ಈಗಿನ ಟರ್ಕಿಯಲ್ಲಿದ್ದ ಬಿಥಿನಿಯಾ ಪ್ರಾಂತ್ಯದ ಗವರ್ನರ್ ಪ್ಲಿನಿ ಚಕ್ರವರ್ತಿ ಟ್ರೇಜನ್‌ಗೆ ಕ್ರೈಸ್ತರ ಬಗ್ಗೆ ಪತ್ರ ಬರೆದ. ಅವನ ಪರೀಕ್ಷೆ ಸರಳ: ಚಕ್ರವರ್ತಿಯ ಮೂರ್ತಿಗೆ ಧೂಪ ಹಾಕು, ಕ್ರಿಸ್ತನನ್ನು ಬೈ, ಮನೆಗೆ ಹೋಗು. ಒಪ್ಪದವರನ್ನು ಕೊಲ್ಲಿಸಿದ. ಅವರು ನಂಬುವುದು ಏನೇ ಇರಲಿ, ಹಠಕ್ಕಂತೂ ಶಿಕ್ಷೆ ಆಗಲೇಬೇಕು ಅಂತ ಅವನೇ ಬರೆಯುತ್ತಾನೆ. ಪುನರುತ್ಥಾನದ ಮಾತು ಇಡೀ ಪತ್ರದಲ್ಲಿ ಎಲ್ಲೂ ಇಲ್ಲ. ಆದರೆ ನಿಜ ಏನು ಅಂತ ತಿಳಿಯಲು ಇಬ್ಬರು ದಾಸಿಯರನ್ನು ಹಿಂಸೆ ಕೊಟ್ಟು ವಿಚಾರಿಸಿದನಂತೆ. ಅವರಿಗೆ ಆ ಸಭೆಯಲ್ಲಿ ಸೇವಕಿಯರೆಂಬ ಸ್ಥಾನ ಇತ್ತು. ಅವರು ಏನು ಹೇಳಿದರು? ಇದನ್ನು ಯಾರೂ ಕೇಳುವುದಿಲ್ಲ. ಆ ಇಬ್ಬರೂ ಸತ್ತವನು ಎದ್ದ ಕಥೆಯನ್ನು ಆ ಕೋಣೆಯಲ್ಲಿ, ಆ ಸ್ಥಿತಿಯಲ್ಲಿ ಹೇಳಿದ್ದರೆ, ಪ್ಲಿನಿ ಅದನ್ನು ಬರೆದುಕೊಂಡಿದ್ದರೆ, ನಿಮ್ಮ ಪ್ರಶ್ನೆಗೆ ಒಂದು ನೇರ ಉತ್ತರ ಸಿಗುತ್ತಿತ್ತು. ಅವನು ಬರೆದದ್ದು ಒಂದೇ ಸಾಲು: ಮಿತಿಮೀರಿದ ಕೆಟ್ಟ ಮೂಢನಂಬಿಕೆ ಬಿಟ್ಟರೆ ಬೇರೇನೂ ಸಿಗಲಿಲ್ಲ. ಟ್ರೇಜನ್ ಮರುಪತ್ರ ಬರೆದ. ಕ್ರೈಸ್ತರನ್ನು ಹುಡುಕಿಕೊಂಡು ಹೋಗಬೇಡ, ಹೆಸರಿಲ್ಲದ ದೂರು ಬಂದರೆ ತಗೋಬೇಡ, ಅದು ನಮ್ಮ ಕಾಲಕ್ಕೆ ಶೋಭೆಯಲ್ಲ ಅಂದ. ಆ ಇಬ್ಬರ ಬಗ್ಗೆ ಅವನೂ ಕೇಳಲಿಲ್ಲ.